ನೆರೆಮನೆಯವರ ನೆರವಿನ ಸಾವಿಗೆ ‘ಸಂಪರ್ಕ ವ್ಯಕ್ತಿ’ಯಾಗಲು ಒಪ್ಪಬಹುದೇ? ವಿಕ್ಟೋರಿಯಾದ ಕಾನೂನು ಬಲ್ಲವರು ತಿಳಿಸಿ

ಪ್ರಶ್ನೆ: ಕಾವೇರಿತೀರ, ಮೆಲ್ಬರ್ನ್

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ವಾಸವಾಗಿರುವ ಎಪ್ಪತ್ತೊಂಬತ್ತು ವರ್ಷದ ಮಹಿಳೆಯೊಬ್ಬರಿಗೆ ಕ್ಯಾನ್ಸರ್ ಯಕೃತ್ತಿಗೂ ಹರಡಿದ್ದು, ಇನ್ನು ಕೆಲವೇ ತಿಂಗಳು ಎಂದು ವೈದ್ಯರು ಹೇಳಿಯಾಗಿದೆ. ಅವರು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಾನೂನಿನ ಪ್ರಕಾರ ನೆರವಿನ ಸಾವನ್ನು, ಅಂದರೆ ಕಾನೂನಿನ ಅನುಮತಿಯಿಂದ ಸಿಗುವ ಔಷಧದಿಂದ ಸಾಯುವುದನ್ನು, ಕೋರಿದ್ದಾರೆ. ಇಬ್ಬರು ವೈದ್ಯರ ತಪಾಸಣೆಯೂ ಲಿಖಿತ ಘೋಷಣೆಯೂ ಮುಗಿದಿವೆ. ಕಳೆದ ಭಾನುವಾರ ಎಂದಿನಂತೆ ಬೇಲಿಯ ಮೇಲಿಂದ ಒಂದು ಚೀಲ ನಿಂಬೆಹಣ್ಣು ಕೊಟ್ಟವರು, ಅದರ ಜೊತೆಗೇ ಮಡಿಸಿದ ಒಂದು ನಮೂನೆಯನ್ನೂ ಕೊಟ್ಟರು. ‘ಸಂಪರ್ಕ ವ್ಯಕ್ತಿ’ ಎಂಬಲ್ಲಿ ಸಹಿ ಹಾಕಲು ಆಗುತ್ತದೆಯೇ ಎಂದು, ತಾವು ಪ್ರವಾಸ ಹೋಗುವಾಗ ಅಂಚೆ ತೆಗೆದಿಡಲು ಹೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದು ಒಳಗೆ ಬಂದೆ.

ಅವರ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನು ಇಲ್ಲಿ ಬಯಸುತ್ತಿಲ್ಲ; ಅದನ್ನು ತೂಗುವ ಅಧಿಕಾರ ನನಗಿಲ್ಲ. ನನಗೆ ತಿಳಿಯಬೇಕಾಗಿರುವುದು ಇಷ್ಟೇ. ನಮೂನೆಯಲ್ಲಿ ಬರೆದಿರುವಂತೆ, ಉಳಿದ ಔಷಧವನ್ನು ಹಿಂದಿರುಗಿಸುವ ಹೊಣೆ ಸಂಪರ್ಕ ವ್ಯಕ್ತಿಯದು, ಮತ್ತು ಅದನ್ನು ಮಾಡದಿದ್ದರೆ ಅಪರಾಧ. ಹಾಗಾದರೆ ಇಡೀ ವ್ಯವಸ್ಥೆಯಲ್ಲಿ ನನ್ನ ಜಾಗ ಯಾವುದು? ಔಷಧ ಮನೆಗೆ ಬಂದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಪರಿಶೀಲನಾ ಮಂಡಳಿ ಎಂಬುದೊಂದಿದೆಯಂತೆ, ಅದು ಎಲ್ಲವೂ ಮುಗಿದ ಮೇಲೆ ಕಾಗದ ನೋಡುವ ಮಂಡಳಿಯೇ ಅಥವಾ ನಡುವೆ ತಡೆಯುವ ಶಕ್ತಿಯೂ ಅದಕ್ಕಿದೆಯೇ? ನನ್ನ ಯಜಮಾನರು “ಒಬ್ಬರ ಸಾವಿನ ಕಾಗದದಲ್ಲಿ ನಮ್ಮ ಹೆಸರೇಕೆ” ಎನ್ನುತ್ತಾರೆ. ಅವರಿಗೆ ಉತ್ತರ ಕೊಡುವ ಮೊದಲು ನನಗೇ ವಿಷಯ ಸ್ಪಷ್ಟವಾಗಬೇಕಾಗಿದೆ.

ಉತ್ತರ 1: ಔಷಧಶಾಲೆ, ಮೆಲ್ಬರ್ನ್

ಕಾವೇರಿತೀರ ಅವರೇ, ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಈ ಔಷಧವನ್ನು ರಾಜ್ಯಕ್ಕೆಲ್ಲ ವಿತರಿಸುವುದು ಆಲ್ಫ್ರೆಡ್ ಆಸ್ಪತ್ರೆಯಲ್ಲಿರುವ ಪ್ರತ್ಯೇಕ ಸೇವೆ. ನಾನು ಅದರಲ್ಲಿಲ್ಲ, ಆದರೆ ಕ್ರಮ ಗೊತ್ತಿದೆ.

ಈ ಕಾನೂನು 2017ರಲ್ಲಿ ಅಂಗೀಕಾರವಾಗಿ 2019ರ ಜೂನ್ 19ರಿಂದ ಜಾರಿಗೆ ಬಂತು. ಇದರಲ್ಲಿ 68 ರಕ್ಷಣಾ ಕ್ರಮಗಳಿವೆ ಎಂದು ಆಗಿನ ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತ್ತು. ಅವುಗಳಲ್ಲಿ ಬಹುಪಾಲು ಔಷಧ ಮನೆಯ ಹೊಸ್ತಿಲು ದಾಟುವ ಮೊದಲೇ ಕೆಲಸ ಮಾಡುವಂಥವು. ಅರ್ಜಿದಾರರು ವಯಸ್ಕರಾಗಿರಬೇಕು, ಸ್ವಂತ ಬುದ್ಧಿಯಿಂದ ನಿರ್ಧರಿಸಬಲ್ಲವರಾಗಿರಬೇಕು, ವಾಸಿಯಾಗದ ರೋಗದಿಂದ ಆರು ತಿಂಗಳೊಳಗೆ, ನರಮಂಡಲ ಕ್ರಮೇಣ ಕ್ಷೀಣಿಸುವ ರೋಗವಾದರೆ ಹನ್ನೆರಡು ತಿಂಗಳೊಳಗೆ, ಸಾವು ನಿರೀಕ್ಷಿತವಾಗಿರಬೇಕು. ಕೋರಿಕೆಯನ್ನು ಅವರೇ ಮೂರು ಬಾರಿ ಮುಂದಿಡಬೇಕು, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಸಾಮಾನ್ಯವಾಗಿ ಒಂಬತ್ತು ದಿನಗಳಾದರೂ ಕಳೆದಿರಬೇಕು. ನಡುವಿನ ಲಿಖಿತ ಘೋಷಣೆಗೆ ಇಬ್ಬರು ಸಾಕ್ಷಿಗಳು ಬೇಕು. ಉಯಿಲಿನಿಂದ ಲಾಭ ಪಡೆಯುವವರು ಸಾಕ್ಷಿಯಾಗುವಂತಿಲ್ಲ, ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕುಟುಂಬದವರಾಗಿರುವಂತಿಲ್ಲ. ತಪಾಸಣೆ ಮಾಡುವ ಇಬ್ಬರು ವೈದ್ಯರೂ ಇದಕ್ಕಾಗಿಯೇ ಇರುವ ತರಬೇತಿ ಮುಗಿಸಿರಬೇಕು. ಇಷ್ಟೆಲ್ಲ ಆದ ಮೇಲೂ ಆರೋಗ್ಯ ಇಲಾಖೆಯ ಕಾರ್ಯದರ್ಶಿಯ ಕಚೇರಿಯಿಂದ ಆ ಒಬ್ಬ ರೋಗಿಯ ಹೆಸರಿಗೆ ಪರ್ಮಿಟ್ ಬರದ ಹೊರತು ಔಷಧದ ಚೀಟಿ ಬರೆಯುವಂತಿಲ್ಲ.

ಪರ್ಮಿಟ್ ಬಂದು, ರೋಗಿ ಬಯಸಿದ ದಿನ ಫಾರ್ಮಸಿಸ್ಟರು ಮನೆಗೇ ಬಂದು ಔಷಧ ಒಪ್ಪಿಸುತ್ತಾರೆ, ಕುಳಿತು ಎಲ್ಲವನ್ನೂ ವಿವರಿಸುತ್ತಾರೆ. ಔಷಧವನ್ನು ಉಕ್ಕಿನ, ಗಟ್ಟಿ ಬೀಗವಿರುವ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ನಿಯಮ. ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ, ಏಕೆಂದರೆ ನೀವು ಕೇಳಿದ ‘ನನ್ನ ಜಾಗ’ ಇರುವುದು ಇಲ್ಲೇ. ಅವರು ಪೆಟ್ಟಿಗೆಯನ್ನು ನಾಳೆಯೇ ತೆರೆಯಬಹುದು, ಎರಡು ತಿಂಗಳು ಬಿಟ್ಟು ತೆರೆಯಬಹುದು, ತೆರೆಯದೆಯೂ ಇರಬಹುದು. ಸೇವಿಸುವ ಹೊತ್ತಿಗೆ ವೈದ್ಯರಾಗಲಿ ದಾದಿಯಾಗಲಿ ಹಾಜರಿರಬೇಕೆಂದು ಕಾನೂನು ಹೇಳುವುದಿಲ್ಲ. ರೋಗಿಯೇ ಸೇವಿಸುವುದು ವಿಕ್ಟೋರಿಯಾದಲ್ಲಿ ಸಾಮಾನ್ಯ ಕ್ರಮ. ದೇಹಶಕ್ತಿ ಇಲ್ಲದವರಿಗೆ ಮಾತ್ರ, ಅದೂ ಬೇರೆ ಪರ್ಮಿಟ್ ಇದ್ದರೆ, ವೈದ್ಯರು ಕೊಡುತ್ತಾರೆ. ಅಂದರೆ 68 ಕಾವಲುಗಳನ್ನು ದಾಟಿ ಬಂದ ಆ ಪೆಟ್ಟಿಗೆಯ ಹತ್ತಿರ ಕೊನೆಗೆ ಕಾನೂನಿನ ಪರವಾಗಿ ಉಳಿಯುವವರು ಪಕ್ಕದ ಮನೆಯ ನೀವೊಬ್ಬರೇ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಲ್ಲಿನ ಇನ್ನೊಂದು ರಾಜ್ಯವಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಂಥ ಕಾನೂನು 2023ರ ಜನವರಿಯಲ್ಲಿ ಜಾರಿಗೆ ಬಂದ ಕೆಲವೇ ತಿಂಗಳಲ್ಲಿ, ಪತ್ನಿಗೆಂದು ಬಂದಿದ್ದ ಔಷಧವನ್ನು ಆಕೆ ಬಳಸದೆ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ, ಸಂಪರ್ಕ ವ್ಯಕ್ತಿಯಾಗಿದ್ದ ವೃದ್ಧ ಪತಿಯೇ ಸೇವಿಸಿ ಮೃತಪಟ್ಟರು. ಹಿಂದಿರುಗಿಸಲು ಅಲ್ಲಿ ಹದಿನಾಲ್ಕು ದಿನಗಳ ಗಡುವಿತ್ತು. ಆ ಗಡುವಿನ ಒಳಗೇ ಇದು ನಡೆದುಹೋಯಿತು. ರೋಗಿಯ ಸ್ವಾತಂತ್ರ್ಯವನ್ನು ಕಾಪಾಡುವ ಆತುರದಲ್ಲಿ ಮನೆಯ ಉಳಿದವರ ಸುರಕ್ಷತೆಯನ್ನು ಕಾನೂನು ಸರಿಯಾಗಿ ತೂಗಿಲ್ಲವೆಂಬುದು 2024ರಲ್ಲಿ ಬಂದ ಅಲ್ಲಿನ ಕೊರೋನರ್ (ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ತೀರ್ಮಾನದ ಸಾರ. ಗಂಡನೋ ಹೆಂಡತಿಯೋ ಸಂಪರ್ಕ ವ್ಯಕ್ತಿಯಾಗುವುದಕ್ಕಿಂತ, ದುಃಖ ಇದ್ದರೂ ಕೈ ನಡುಗದಷ್ಟು ದೂರದಲ್ಲಿರುವ ನಿಮ್ಮಂಥವರು ಆಗುವುದು ಮೇಲೆಂದು ನನಗೆ ಅನ್ನಿಸುವುದು ಈ ಪ್ರಕರಣ ಓದಿದ ಮೇಲೆಯೇ.

ವಿಕ್ಟೋರಿಯಾದಲ್ಲಿ ನಿಮಗಿರುವ ಗಡುವು ಸಾವಿನ ನಂತರ ಹದಿನೈದು ದಿನ. ಸಾವು ರೋಗದಿಂದಲೇ ಬಂದು ಔಷಧ ಹಾಗೇ ಉಳಿದಿದ್ದರೂ ಹೊಣೆ ಅದೇ. ಸಾವಿನ ವೇಳೆ ನೀವು ಅಲ್ಲಿರಬೇಕಾಗಿಲ್ಲ. ಆದ್ದರಿಂದ ಸಹಿಗೆ ಮೊದಲು ಅವರನ್ನೇ ನೇರವಾಗಿ ಕೇಳಿ: ಪೆಟ್ಟಿಗೆ ಯಾವ ಕೋಣೆಯಲ್ಲಿರುತ್ತದೆ, ಅದರ ಕೀಲಿ ಎಲ್ಲಿರುತ್ತದೆ, ಅದು ಇನ್ನಾರಿಗೆ ಗೊತ್ತು, ಅವರು ಆಸ್ಪತ್ರೆಯಲ್ಲಿ ತೀರಿಕೊಂಡರೆ ಸುದ್ದಿ ನಿಮಗೆ ಮುಟ್ಟಿಸುವವರು ಯಾರು, ಮತ್ತು ಬೀಗ ಹಾಕಿದ ಮನೆಯೊಳಗೆ ನೀವು ಹೋಗುವುದು ಹೇಗೆ.

ಉತ್ತರ 2: ನ್ಯಾಯಪಥ, ಧಾರವಾಡ

ನಾನು ಕಾನೂನು ಕಾಲೇಜಿನಲ್ಲಿ ಪಾಠ ಹೇಳುವವನು. ಮಂಡಳಿಯ ಬಗ್ಗೆ ಕೇಳಿದ್ದೀರಿ. ವಿಕ್ಟೋರಿಯಾದ ಪರಿಶೀಲನಾ ಮಂಡಳಿಗೆ ಪ್ರತಿ ಹಂತದ ನಮೂನೆಯೂ ಹೋಗುತ್ತದೆ, ಅದರ ಮೊದಲ ಅಧ್ಯಕ್ಷೆ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಬೆಟ್ಟಿ ಕಿಂಗ್. ಅನುಮತಿ ಕೊಡುವುದು ಅದರ ಕೆಲಸವಲ್ಲ. ಪ್ರಕರಣ ಮುಗಿದ ಮೇಲೆ ನಿಯಮ ಪಾಲನೆಯಾಗಿದೆಯೇ ಎಂದು ನೋಡುವುದು, ತಪ್ಪು ಕಂಡರೆ ಪೊಲೀಸರಿಗೋ ಕೊರೋನರ್‌ಗೋ ವೈದ್ಯರ ನೋಂದಣಿ ಸಂಸ್ಥೆಗೋ ಒಪ್ಪಿಸುವುದು ಅದರ ಕೆಲಸ. ರೋಗಿಯ ನಿರ್ಧಾರ ಸಾಮರ್ಥ್ಯದ ಬಗ್ಗೆ ತಕರಾರಿದ್ದರೆ ನಿಜವಾದ ಆಸಕ್ತಿಯುಳ್ಳವರು ರಾಜ್ಯದ ಆಡಳಿತ ನ್ಯಾಯಮಂಡಳಿಗೆ ಮೊರೆಹೋಗಬಹುದು. ತಡೆಯುವ ಶಕ್ತಿ ಇರುವುದು ಅಲ್ಲಿ ಮತ್ತು ಪರ್ಮಿಟ್ ಕಚೇರಿಯಲ್ಲಿ.

ಹೀಗೆ ಮೊದಲೇ ಅನುಮತಿ ಪಡೆಯುವುದರ ಬೆಲೆ ತಿಳಿಯಬೇಕಾದರೆ ಯೂರೋಪನ್ನು ನೋಡಬೇಕು. ನೆದರ್ಲ್ಯಾಂಡ್ಸ್‌ನಲ್ಲಿ 2002ರ ಏಪ್ರಿಲ್‌ನಿಂದ ಕಾನೂನಿದೆ, ಅಲ್ಲಿ ಪೂರ್ವಾನುಮತಿ ಎಂಬುದೇ ಇಲ್ಲ. ವೈದ್ಯರು ಇನ್ನೊಬ್ಬ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆದು ಕಾರ್ಯ ನಡೆಸುತ್ತಾರೆ, ಆಮೇಲೆ ವರದಿ ಕೊಡುತ್ತಾರೆ. ಕಾನೂನು ಬಲ್ಲವರು, ವೈದ್ಯರು, ನೀತಿಶಾಸ್ತ್ರ ಬಲ್ಲವರು ಇರುವ ಪ್ರಾದೇಶಿಕ ಸಮಿತಿ ಅದನ್ನು ಓದುತ್ತದೆ. 2023ರಲ್ಲಿ ಅಲ್ಲಿ ವರದಿಯಾದ ಪ್ರಕರಣಗಳು 9,068. ಆ ವರ್ಷ ಅಲ್ಲಿ ಸಂಭವಿಸಿದ ಸಾವುಗಳಲ್ಲಿ ಶೇ 5.4. ಅಷ್ಟರಲ್ಲಿ ನಿಯಮ ಪಾಲಿಸಿಲ್ಲವೆಂದು ಸಮಿತಿಗಳು ಹೇಳಿದ್ದು ಬೆರಳೆಣಿಕೆಯಷ್ಟನ್ನು ಮಾತ್ರ. ಈ ಸಣ್ಣ ಸಂಖ್ಯೆಯನ್ನು ಒಬ್ಬರು ವೈದ್ಯರ ಎಚ್ಚರಿಕೆಯ ಗುರುತೆಂದು ಓದುತ್ತಾರೆ, ಇನ್ನೊಬ್ಬರು ಸಮಿತಿಯ ಸಡಿಲಿಕೆಯೆಂದು ಓದುತ್ತಾರೆ. ಸಂಖ್ಯೆಯೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ಆದರೆ ಡಚ್ಚರ ಪದ್ಧತಿಗೆ ಒಂದು ಮಾನ ಇದೆ. ಮರೆಗುಳಿತನದ ಮಹಿಳೆಯೊಬ್ಬರಿಗೆ 2016ರಲ್ಲಿ, ಮೊದಲೇ ಬರೆದಿಟ್ಟಿದ್ದ ಇಚ್ಛಾಪತ್ರದ ಆಧಾರದ ಮೇಲೆ, ಅವರಿಗೆ ಹೇಳದೆ ಕಾಫಿಯಲ್ಲಿ ನಿದ್ರಾಜನಕ ಬೆರೆಸಿ ದಯಾಮರಣ ನೀಡಿದ ಪ್ರಕರಣವನ್ನು ತಪ್ಪೆಂದು ಮೊದಲು ಹೇಳಿದ್ದು ಆ ಸಮಿತಿಯೇ. ವೈದ್ಯೆಯ ಮೇಲೆ ಮೊಕದ್ದಮೆ ನಡೆಯಿತು, 2019ರಲ್ಲಿ ಖುಲಾಸೆಯಾಯಿತು, 2020ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ತೀರ್ಪು ಒಪ್ಪಿಗೆಯಾಗಲಿ ಬಿಡಲಿ, ಬಾಗಿಲು ತೆರೆದಿಟ್ಟು ಜಗಳವಾಡಿದರು ಎನ್ನುವುದನ್ನು ಮೆಚ್ಚಲೇಬೇಕು.

ಬೆಲ್ಜಿಯಂನ ಕಥೆ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಮೇಲ್ವಿಚಾರಣೆ ಎಂಬ ಪದದ ಅರ್ಥವನ್ನು ಕಲಿಸುವ ಪಾಠ ಅದೇ. ಅಲ್ಲಿನ ಆಯೋಗದಲ್ಲಿ ಹದಿನಾರು ಸದಸ್ಯರು, ಅವರಲ್ಲಿ ಎಂಟು ಮಂದಿ ವೈದ್ಯರು. ಆಗ ವೈದ್ಯರು ಕಳಿಸುತ್ತಿದ್ದ ದಾಖಲೆಯಲ್ಲಿ ಎರಡು ಭಾಗ. ಹೆಸರುಗಳಿರುವ ಭಾಗವನ್ನು ಮುಚ್ಚಿಟ್ಟು, ಹೆಸರಿಲ್ಲದ ಭಾಗವನ್ನು ಮಾತ್ರ ಓದುತ್ತಿದ್ದರು, ಸಂದೇಹ ಬಂದರಷ್ಟೇ ಮೊದಲಿನದನ್ನು ತೆರೆಯುತ್ತಿದ್ದರು. ಕೇಳಲು ನಿಷ್ಪಕ್ಷಪಾತವಾಗಿಯೇ ಇದೆ. ಆದರೆ 2012ರಲ್ಲಿ ದೀರ್ಘಕಾಲದ ಖಿನ್ನತೆಯಿದ್ದ ಮಹಿಳೆಯೊಬ್ಬರಿಗೆ ದಯಾಮರಣ ನೀಡಿದ ವೈದ್ಯರು ಆ ಆಯೋಗದ ಸಹ ಅಧ್ಯಕ್ಷರೇ ಆಗಿದ್ದರು! ಹೆಸರು ಮುಚ್ಚಿದ್ದರಿಂದ ಇತರರಿಗೆ ತಿಳಿಯದು, ತಮ್ಮದೇ ಪ್ರಕರಣವೆಂದು ಹೇಳಿ ಎದ್ದುಹೋಗಬೇಕೋ ಬೇಡವೋ ಎಂಬುದು ಆ ಸದಸ್ಯರ ವಿವೇಚನೆಗೇ ಬಿಟ್ಟದ್ದು. ತಾಯಿಯ ಸಾವು ಮಗನಿಗೆ ತಿಳಿದದ್ದು ಮರುದಿನ. ಅವರು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2022ರ ಅಕ್ಟೋಬರ್ 4ರ ತೀರ್ಪಿನಲ್ಲಿ ನ್ಯಾಯಾಲಯವು ದಯಾಮರಣದ ಕಾನೂನನ್ನು ತಪ್ಪೆನ್ನಲಿಲ್ಲ. ಆದರೆ ಆ ಆಯೋಗದ ಪರಿಶೀಲನೆಗೆ ಸ್ವಾತಂತ್ರ್ಯ ಇರಲಿಲ್ಲ, ಕ್ರಿಮಿನಲ್ ತನಿಖೆಯೂ ವಿಪರೀತ ತಡವಾಯಿತು, ಆದ್ದರಿಂದ ಜೀವಿಸುವ ಹಕ್ಕಿನ ರಕ್ಷಣೆಯಲ್ಲಿ ಬೆಲ್ಜಿಯಂ ಲೋಪವೆಸಗಿದೆ ಎಂದಿತು.

ಆದ್ದರಿಂದ ಎಷ್ಟು ಕಾವಲುಗಳಿವೆ ಎಂದು ಎಣಿಸುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ವಿಕ್ಟೋರಿಯಾದ ಪರ್ಮಿಟ್ ಕೊಡುವ ಅಧಿಕಾರಿಯೂ ರೋಗಿಯ ಮುಖ ನೋಡುವುದಿಲ್ಲ, ವೈದ್ಯರು ಬರೆದುಕೊಟ್ಟದ್ದನ್ನೇ ಓದುತ್ತಾರೆ. ತನ್ನ ತಪ್ಪನ್ನು ತಾನೇ ನಮೂನೆಯಲ್ಲಿ ಬರೆದುಕೊಡುವ ವೈದ್ಯ ಎಲ್ಲಿದ್ದಾನೆ? ಕಾಗದದ ಹೊರಗೆ ರೋಗಿಯನ್ನು ಕಣ್ಣಾರೆ ಕಂಡು, ಮೊದಲ ವೈದ್ಯರ ಮುಲಾಜಿಲ್ಲದೆ ‘ಇಲ್ಲ’ ಎನ್ನಬಲ್ಲ ಎರಡನೆಯ ವೈದ್ಯರೇ ಇಡೀ ವ್ಯವಸ್ಥೆಯ ತಿರುಳು. ಮೇಲೆ ‘ಔಷಧಶಾಲೆ’ಯವರು ಹೇಳಿದಂತೆ, ಪೆಟ್ಟಿಗೆಯ ಬಳಿ ಇರುವ ನೀವು ಕೂಡ ಹಾಗೆ ಕಾಗದದ ಹೊರಗಿರುವ ಇನ್ನೊಂದು ಕಣ್ಣು.

ಉತ್ತರ 3: ದುಭಾಷಿ, ಮೆಲ್ಬರ್ನ್

ನ್ಯಾಯಪಥ ಅವರ ಮಾತನ್ನು ಒಪ್ಪುತ್ತಲೇ ಒಂದು ತಕರಾರು ಸೇರಿಸುತ್ತೇನೆ. ಕಾವಲು ಎಂಬುದು ಒಳಗಿರುವವರನ್ನು ಕಾಯುವುದರ ಜೊತೆಗೆ ಹೊರಗಿರುವವರನ್ನು ಒಳಗೆ ಬಿಡದಿರುವುದೂ ಹೌದು. ನಾನು ಆಸ್ಪತ್ರೆಗಳಲ್ಲಿ ಕನ್ನಡ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಈ ಕಾನೂನಿನಲ್ಲಿ ಮಗನೋ ಸೊಸೆಯೋ ಮಾತು ತಿರುಗಿಸುವಂತಿಲ್ಲ. ಮಾನ್ಯತೆ ಪಡೆದ, ಕುಟುಂಬಕ್ಕೆ ಸೇರದ, ಆಸ್ತಿಯಲ್ಲಿ ಪಾಲಿಲ್ಲದ ದುಭಾಷಿಯೇ ಬೇಕು. ಒಳ್ಳೆಯ ನಿಯಮ. ಸೊಸೆ ಪಕ್ಕದಲ್ಲಿ ಕುಳಿತಿದ್ದಾಗ ಅತ್ತೆ ಹೇಳುವ ಮಾತೇ ಬೇರೆ, ಅವಳು ಕಾರು ನಿಲ್ಲಿಸಲು ಹೋದಾಗ ಹೇಳುವ ಮಾತೇ ಬೇರೆ ಎಂಬುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ತೊಡಕಿರುವುದು ಇನ್ನೊಂದು ಕಡೆ. ಈ ಕಾನೂನಿನ ಪ್ರಕಾರ ವೈದ್ಯರು ತಾವಾಗಿ ಈ ವಿಷಯವನ್ನು ಎತ್ತುವಂತಿಲ್ಲ, ರೋಗಿಯೇ ಸ್ಪಷ್ಟವಾಗಿ, ಎರಡರ್ಥಕ್ಕೆ ಎಡೆಯಿಲ್ಲದಂತೆ ಕೇಳಬೇಕು. ನಮ್ಮ ಹಿರಿಯರು ಹಾಗೆ ಕೇಳುತ್ತಾರೆಯೇ? “ಸಾಕಾಗಿ ಹೋಗಿದೆಯಮ್ಮಾ”, “ಆ ದೇವರು ಯಾವಾಗ ಕರೆಸಿಕೊಳ್ಳುತ್ತಾನೋ”, “ಮಲಗಿದ ಹಾಗೇ ಹೋಗಿಬಿಟ್ಟರೆ ಪುಣ್ಯ” ಎನ್ನುತ್ತಾರೆ. ಇದೇ ಮಾತನ್ನು ಮಂಡಿನೋವಿಗೂ ಹೇಳುತ್ತಾರೆ, ಮೊಮ್ಮಗ ಫೋನ್ ಮಾಡದಿದ್ದರೂ ಹೇಳುತ್ತಾರೆ. ಒಮ್ಮೆ ನಾನು ಇಂಥ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೊಡನೆ ವೈದ್ಯರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು, ಇದು ಕೋರಿಕೆಯೇ ಅಥವಾ ನಿಟ್ಟುಸಿರೇ ಎಂದು. ಅದನ್ನು ಹೇಳುವ ಹಕ್ಕು ನನಗಿಲ್ಲ. ಆಡಿದ ಮಾತನ್ನು ದಾಟಿಸುವುದಷ್ಟೇ ನನ್ನ ಕೆಲಸ. ಅವರೂ ಮುಂದೆ ಕೇಳಲಿಲ್ಲ, ಕೇಳುವಂತಿರಲಿಲ್ಲ. ಆ ತಾಯಿಗೆ ಇಂಥದೊಂದು ಕಾನೂನು ಇದೆಯೆಂಬುದೇ ತಿಳಿಯದೆ ಮಾತು ಅಲ್ಲಿಗೇ ನಿಂತಿತು. ಹಾಗೆಂದು ಆ ನಿಯಮವನ್ನು ಕಿತ್ತುಹಾಕಿ ಎಂದು ಹೇಳಲು ನನಗೆ ಧೈರ್ಯವಿಲ್ಲ, ಏಕೆಂದರೆ “ಡಾಕ್ಟರೇ ಹೇಳಿದ ಮೇಲೆ ಮುಗಿಯಿತಲ್ಲ” ಎನ್ನುವವರೂ ನಮ್ಮ ಹಿರಿಯರೇ. ಈ ನಿಯಮವನ್ನು ಸಡಿಲಿಸುವ ತಿದ್ದುಪಡಿ 2025ರಲ್ಲಿ ಸಂಸತ್ತಿನ ಮುಂದೆ ಬಂದಾಗಿನಿಂದ ನನ್ನ ಮನಸ್ಸು ಎರಡೂ ಕಡೆ ಓಲಾಡುತ್ತಿದೆ.

ದೂರದ ಊರಿನವರ ಕಷ್ಟ ಇನ್ನೂ ಬೇರೆ. ಆತ್ಮಹತ್ಯೆಗೆ ಪ್ರಚೋದಿಸುವ ಮಾತನ್ನು ಫೋನಿನಲ್ಲಾಗಲಿ ಅಂತರ್ಜಾಲದಲ್ಲಾಗಲಿ ಆಡುವುದನ್ನು ಒಕ್ಕೂಟ ಸರ್ಕಾರದ ಹಳೆಯ ಕಾನೂನೊಂದು ನಿಷೇಧಿಸುತ್ತದೆ. ನೆರವಿನ ಸಾವೂ ಆ ವ್ಯಾಖ್ಯೆಯೊಳಗೆ ಬರುತ್ತದೆಂದು ಫೆಡರಲ್ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಹೇಳಿತು. ಹೀಗಾಗಿ ಮೆಲ್ಬರ್ನಿನಿಂದ ಐನೂರು ಕಿಲೋಮೀಟರಿಗೂ ದೂರದ ಮಿಲ್ಡ್ಯೂರಾದಲ್ಲಿ ಹಾಸಿಗೆ ಹಿಡಿದವರಿಗೆ ವಿಡಿಯೊ ಕರೆಯಲ್ಲಿ ತಪಾಸಣೆ ಮಾಡುವುದನ್ನು ವೈದ್ಯರು ತಪ್ಪಿಸುತ್ತಾರೆ. ಯಾರಾದರೊಬ್ಬರು ಅಷ್ಟು ದೂರ ಹೋಗಲೇಬೇಕು. ಯಾರನ್ನೂ ಕಾಪಾಡದ ಇಂಥದ್ದನ್ನು ರಕ್ಷಣಾ ಕ್ರಮವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಉತ್ತರ 4: ಮಲೆನಾಡ ವೈದ್ಯ, ಶಿವಮೊಗ್ಗ

ಓದುಗರಲ್ಲಿ ಕೆಲವರು ಇದನ್ನು ನಮ್ಮ ರಾಜ್ಯದ ‘ಘನತೆಯಿಂದ ಸಾಯುವ ಹಕ್ಕಿ’ನ ಆದೇಶದೊಂದಿಗೆ ಬೆರೆಸಬಹುದೆಂದು ಬರೆಯುತ್ತಿದ್ದೇನೆ. ಸಾಯಲೆಂದು ಔಷಧ ಕೊಡುವುದು ಭಾರತದಲ್ಲಿ ಇಂದಿಗೂ ಅಪರಾಧ. ಇಲ್ಲಿ ಅವಕಾಶವಿರುವುದು, ಪ್ರಯೋಜನವಿಲ್ಲದ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದು ರೋಗವು ತನ್ನ ದಾರಿ ಹಿಡಿಯಲು ಬಿಡುವುದಕ್ಕೆ ಮಾತ್ರ. ಈ ದಾರಿ ತೆರೆದದ್ದು ಹೊನ್ನಾವರದ ಹಳದೀಪುರದಿಂದ ಮುಂಬೈಗೆ ಹೋಗಿ ದಾದಿಯಾಗಿದ್ದ, 1973ರ ಹಲ್ಲೆಯ ನಂತರ ನಲವತ್ತೊಂದು ವರ್ಷ ಹಾಸಿಗೆಯಲ್ಲೇ ಇದ್ದ ಅರುಣಾ ಶಾನಭಾಗರ ಪ್ರಕರಣ. 2011ರ ಆ ತೀರ್ಪು ಎದುರಿಸಿದ ಮೊದಲ ಪ್ರಶ್ನೆಯೇ, ಮಾತನಾಡಲಾರದವರ ಪರವಾಗಿ ಮಾತನಾಡಬೇಕಾದವರು ಯಾರು ಎಂಬುದು. ಅರ್ಜಿ ಹಾಕಿದವರಲ್ಲ, ದಿನವೂ ಮೈತೊಳೆದು ಊಟ ಮಾಡಿಸುತ್ತಿದ್ದ ಆ ಆಸ್ಪತ್ರೆಯ ಸಿಬ್ಬಂದಿಯೇ ಅವರ ಆಪ್ತರು ಎಂದು ನ್ಯಾಯಾಲಯ ಹೇಳಿತು. ಸಿಬ್ಬಂದಿ ಬೇಡವೆಂದರು. ಅರುಣಾ 2015ರಲ್ಲಿ ನ್ಯುಮೋನಿಯದಿಂದ ತೀರಿಕೊಂಡರು.

2018ರ ಮಾರ್ಚ್ 9ರಂದು ಸಂವಿಧಾನ ಪೀಠ ಘನತೆಯಿಂದ ಸಾಯುವುದು ಹಕ್ಕೆಂದು ಒಪ್ಪಿ, ಅದಕ್ಕೊಂದು ವಿಧಾನವನ್ನೂ ಬರೆಯಿತು. ಆ ವಿಧಾನ ಎಷ್ಟು ಬಿಗಿಯಾಗಿತ್ತೆಂದರೆ, ಇಚ್ಛಾಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ, ಜಿಲ್ಲಾಧಿಕಾರಿ ರಚಿಸುವ ಎರಡನೆಯ ವೈದ್ಯ ಮಂಡಳಿ, ಇಪ್ಪತ್ತು ವರ್ಷ ಅನುಭವದ ತಜ್ಞರು, ಆಮೇಲೆ ಮತ್ತೆ ಮ್ಯಾಜಿಸ್ಟ್ರೇಟರು. ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರು ಇದನ್ನೆಲ್ಲ ಮಾಡಿಸುವುದುಂಟೇ? ಅವರು ಮಾಡುತ್ತಿದ್ದುದು, “ವೈದ್ಯರ ಸಲಹೆಗೆ ವಿರುದ್ಧವಾಗಿ ಮನೆಗೆ ಕರೆದೊಯ್ಯುತ್ತಿದ್ದೇವೆ” ಎಂಬ ಚೀಟಿಗೆ ಹೆಬ್ಬೆಟ್ಟು ಒತ್ತಿ, ಉಸಿರಾಟದ ಕೊಳವೆ ತೆಗೆಸಿ, ಆಂಬ್ಯುಲೆನ್ಸಿನಲ್ಲಿ ಊರಿಗೆ ಹೊರಡುವುದು. ಹತ್ತಾರು ಸಲ ನಾನೇ ಅಂಥ ಚೀಟಿ ಬರೆದುಕೊಟ್ಟಿದ್ದೇನೆ. ಅಲ್ಲಿ ಮಂಡಳಿಯೂ ಇಲ್ಲ, ಮ್ಯಾಜಿಸ್ಟ್ರೇಟರೂ ಇಲ್ಲ; ದಾರಿಯಲ್ಲಿ ನೋವಾದರೆ ಒಂದು ಮಾರ್ಫಿನ್ ಮಾತ್ರೆಯೂ ಇಲ್ಲ. ಬಾಗಿಲನ್ನು ತೀರ ಕಿರಿದು ಮಾಡಿದರೆ ಜನ ಗೋಡೆ ಹಾರುತ್ತಾರೆ, ಗೋಡೆಯ ಆಚೆ ಯಾವ ಮೇಲ್ವಿಚಾರಣೆಯೂ ಇರುವುದಿಲ್ಲ.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಾನೇ ಇದನ್ನು ಸರಳಗೊಳಿಸಿತು: ಇಚ್ಛಾಪತ್ರಕ್ಕೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು, ತಜ್ಞರಿಗೆ ಐದು ವರ್ಷ ಅನುಭವ ಸಾಕು, ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಗಳಲ್ಲಿ ಹೇಳಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು. ನಮ್ಮ ಆರೋಗ್ಯ ಇಲಾಖೆಯ 2025ರ ಜನವರಿ 30ರ ಆದೇಶ ಅದರ ಜಾರಿಗಾಗಿ ಬಂದದ್ದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಇದಕ್ಕಾಗಿ ಎಷ್ಟೋ ವರ್ಷ ಪತ್ರ ಬರೆದು ಅಲೆದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ದುಭಾಷಿಯವರ ತಕರಾರನ್ನು ನಾನು ಪೂರ್ತಿ ಒಪ್ಪುವುದು ಈ ಅನುಭವದಿಂದ.

ಪ್ರಶ್ನೆ ಕೇಳಿದವರ ಮರುನುಡಿ: ಕಾವೇರಿತೀರ, ಮೆಲ್ಬರ್ನ್

ಎಲ್ಲರಿಗೂ ಕೃತಜ್ಞತೆಗಳು. ‘ಔಷಧಶಾಲೆ’ಯವರ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಿನ್ನೆ ಸಂಜೆ ಅವರ ಮನೆಗೆ ಹೋದೆ. ಬೇಸರಪಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆ, ಬದಲಿಗೆ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದಕ್ಕೂ ಉತ್ತರ ಬರೆಯತೊಡಗಿದರು. ಪೆಟ್ಟಿಗೆ ಮಲಗುವ ಕೋಣೆಯ ಕಪಾಟಿನಲ್ಲಿರುತ್ತದೆ, ಕೀಲಿ ಅವರ ಕೈಚೀಲದಲ್ಲಿ. ಉಯಿಲು ನಡೆಸಿಕೊಡುವ ಸೋದರಳಿಯ ಬಲ್ಲಾರಾಟ್‌ನಲ್ಲಿದ್ದಾರೆ, ಅವರ ದೂರವಾಣಿ ಸಂಖ್ಯೆ ಚೀಟಿಯ ಹಿಂದೆ ಬಂತು. ಮನೆಯ ಕೀಲಿ ಮಾತ್ರ ಇಷ್ಟು ವರ್ಷವೂ ಹೂಕುಂಡದ ಕೆಳಗಿತ್ತಂತೆ, ಅದು ಬೀದಿಯವರಿಗೆಲ್ಲ ಗೊತ್ತಂತೆ! ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಯಜಮಾನರು ಇದನ್ನೆಲ್ಲ ಕೇಳಿ ಹೆಚ್ಚೇನೂ ಹೇಳಲಿಲ್ಲ, ಆ ಕೀಲಿಗೆ ನಮ್ಮ ಬಾಗಿಲ ಬಳಿ ಒಂದು ಮೊಳೆ ಹೊಡೆದುಕೊಟ್ಟರು.

ಒಂದೇ ಸಂದೇಹ ಉಳಿದಿದೆ. ತಂಗಿಯ ಮಗಳ ಮದುವೆಗೆ ಡಿಸೆಂಬರಿನಲ್ಲಿ ಮೂರು ವಾರ ಮೈಸೂರಿಗೆ ಹೋಗಬೇಕಾಗಿದೆ. ಸಹಿ ಹಾಕಿದ ಮೇಲೆ ಊರು ಬಿಡುವಂತಿಲ್ಲವೇ?

ಉತ್ತರ 5: ಔಷಧಶಾಲೆ, ಮೆಲ್ಬರ್ನ್

ಹೋಗಬಾರದೆಂದು ಎಲ್ಲಿಯೂ ಬರೆದಿಲ್ಲ, ಆದರೆ ಹದಿನೈದು ದಿನಗಳ ಲೆಕ್ಕ ನೀವು ಮೈಸೂರಿನಲ್ಲಿದ್ದರೂ ಓಡುತ್ತದೆ. ಸಂಪರ್ಕ ವ್ಯಕ್ತಿಯಾಗಿ ಮುಂದುವರಿಯಲಾರೆ ಎಂದು ಹೇಳುವ ಅವಕಾಶ ನಿಮಗೂ ಇದೆ, ಬೇರೆಯವರನ್ನು ನೇಮಿಸಿಕೊಳ್ಳುವ ಅವಕಾಶ ಅವರಿಗೂ ಇದೆ. ನೀವು ಬಿಟ್ಟರೆ ಅವರು ಇನ್ನೊಬ್ಬರನ್ನು ನೇಮಿಸಲೇಬೇಕು, ಅದಕ್ಕೆ ಬೇರೆ ನಮೂನೆ ತುಂಬಿ ವೈದ್ಯರ ಮೂಲಕ ಮಂಡಳಿಗೆ ತಿಳಿಸಬೇಕು. ಅಷ್ಟು ಓಡಾಡುವ ಶಕ್ತಿ ಅವರಿಗೆ ಡಿಸೆಂಬರಿನಲ್ಲಿ ಇರುತ್ತದೆಂದು ಹೇಳಲಾಗದು. ಟಿಕೆಟ್ ತೆಗೆಯುವ ಮೊದಲು ದಿನಾಂಕಗಳನ್ನು ಅವರಿಗೆ ಹೇಳಿಬಿಡಿ.